ನೆನಪಿನ ಭೂದೃಶ್ಯವನ್ನು ಬರೆಯುವ ಬಗೆ

ಕನಸಿನಂಥ ಭೂದೃಶ್ಯವನ್ನು ಬರೆಯಲು ಹೊರಟ ಹೊಸ ಕಲಾವಿದರಲ್ಲಿ ಹೆಚ್ಚಿನವರು ಮೊದಲು ಮೊರೆಹೋಗುವುದು ಮಂಜಿಗೆ. ಬೆಟ್ಟ, ಮರ, ನೀರು ಎಲ್ಲವನ್ನೂ ಒಂದೇ ಸಮನೆ ಮಸುಕಾಗಿಸಿ, ಮೇಲೊಂದು ನಸುನೇರಳೆ ಲೇಪ ಎಳೆದುಬಿಟ್ಟರೆ ಚಿತ್ರಕ್ಕೆ ಸ್ವಪ್ನದ ಗುಣ ಬರುತ್ತದೆಂದು ಅವರು ನಂಬಿರುತ್ತಾರೆ. ಹಾಗೆ ಮಾಡಿದಾಗ ಸಿಗುವುದು ಮಂಜು ಕವಿದ ಒಂದು ಬೆಳಗಿನ ಚಿತ್ರ, ಅಷ್ಟೆ. ನಾವು ನಿಜವಾಗಿ ಕಾಣುವ ಕನಸುಗಳಲ್ಲಿ, ಹಾಗೆಯೇ ಹಳೆಯ ನೆನಪುಗಳಲ್ಲಿ, ಕೆಲವು ವಿವರಗಳು ಕಣ್ಣು ಕುಕ್ಕುವಷ್ಟು ಸ್ಪಷ್ಟವಾಗಿರುತ್ತವೆ ಮತ್ತು ಅವುಗಳ ಪಕ್ಕದಲ್ಲೇ ಏನೂ ಇರುವುದಿಲ್ಲ. ಚಿಲಕಕ್ಕೆ ಹಿಡಿದಿದ್ದ ತುಕ್ಕು ನೆನಪಿದೆ, ಆ ಬಾಗಿಲು ಯಾವ ಗೋಡೆಯದೆಂಬುದು ನೆನಪಿಲ್ಲ. ಈ ಏರುಪೇರನ್ನು ಕ್ಯಾನ್ವಾಸಿಗೆ ತರುವುದೇ ಇಲ್ಲಿ ಮುಖ್ಯವಾದ ಕೆಲಸ.

ಸಾಲ್ವಡಾರ್ ಡಾಲಿ 1931ರಲ್ಲಿ ಬರೆದ, ಕರಗಿ ಜೋತುಬಿದ್ದ ಗಡಿಯಾರಗಳ ಪ್ರಸಿದ್ಧ ಚಿತ್ರದ ಅಳತೆ ಕೇವಲ 24 ಸೆಂ.ಮೀ. ಎತ್ತರ, 33 ಸೆಂ.ಮೀ. ಅಗಲ. ಗಡಿಯಾರಗಳನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಆದರೆ ಅವುಗಳನ್ನು ನಂಬುವಂತೆ ಮಾಡುವುದು ಹಿಂದೆ ಬೆಳಕಿನಲ್ಲಿ ನಿಂತ ಬಂಡೆಗಳು. ಅವು ಡಾಲಿ ಚಿಕ್ಕಂದಿನಿಂದ ಬಲ್ಲ ಕಟಲೋನಿಯಾದ ಕಡಲತೀರದವು, ಮತ್ತು ಅಷ್ಟು ದೂರದಲ್ಲಿದ್ದರೂ ಅಂಚು ಅಂಚೂ ಖಚಿತವಾಗಿವೆ. ಕಲಿಯುವವರು ಆ ಚಿತ್ರದಲ್ಲಿ ಗಡಿಯಾರಗಳಿಗಿಂತ ಬಂಡೆಗಳನ್ನು ಹೆಚ್ಚು ಹೊತ್ತು ನೋಡಬೇಕು.

ನೋಡುವುದು, ಬೆನ್ನು ತಿರುಗಿಸುವುದು

ಮೊದಲು ಒಂದೇ ಒಂದು ಸ್ಥಳವನ್ನು ಆರಿಸಿಕೊಳ್ಳಿ. ಅದು ಸುಂದರವಾಗಿರಬೇಕಾಗಿಲ್ಲ, ನಿಮ್ಮ ಬದುಕಿನ ಬೇರೆ ಬೇರೆ ಘಟ್ಟಗಳಲ್ಲಿ ನೀವು ಅದನ್ನು ಕಂಡಿರಬೇಕು, ಅಷ್ಟು ಸಾಕು. ಒಂದೇ ಸಲ ಪ್ರವಾಸದಲ್ಲಿ ಕಂಡ ರಮ್ಯ ಕಣಿವೆಯಲ್ಲಿ ನೋಟವಿರುತ್ತದೆ, ಕಾಲವಿರುವುದಿಲ್ಲ. ದಿನವೂ ದಾಟುತ್ತಿದ್ದ ಖಾಲಿ ಮೈದಾನ, ನೀರು ಬತ್ತಿದ ಮೇಲೂ ಕಂಡ ಕೊಳ, ಕಡಿದುಹೋದ ಮರದ ಬುಡ ಇಂಥವು ಹೆಚ್ಚು ಕೆಲಸಕ್ಕೆ ಬರುತ್ತವೆ.

ನೆನಪಿನಿಂದ ಬರೆಯುವುದು ಅಭ್ಯಾಸದಿಂದ ಬರುವ ವಿದ್ಯೆ. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಲೆಕಾಕ್ ದ ಬ್ವಾಬೊದ್ರಾನ್ ಎಂಬ ಶಿಕ್ಷಕರು ಇದನ್ನೇ ಕ್ರಮಬದ್ಧವಾಗಿ ಕಲಿಸುತ್ತಿದ್ದರು: ವಿದ್ಯಾರ್ಥಿಗಳು ವಸ್ತುವನ್ನು ಚೆನ್ನಾಗಿ ನೋಡಿ, ಅದು ಕಣ್ಣೆದುರು ಇಲ್ಲದಿರುವಾಗ ಬರೆಯಬೇಕಿತ್ತು, ಸರಳವಾದದ್ದರಿಂದ ಕಠಿಣವಾದದ್ದಕ್ಕೆ ಹಂತಹಂತವಾಗಿ ಸಾಗಬೇಕಿತ್ತು. ಶಿಲ್ಪಿ ರೋದಿನ್ ಅವರ ಶಿಷ್ಯರಲ್ಲೊಬ್ಬರು. 1870ರ ದಶಕದಲ್ಲಿ ಲಂಡನ್ನಿನ ಥೇಮ್ಸ್ ನದಿಯ ರಾತ್ರಿಯ ನೋಟಗಳನ್ನು ಬರೆದ ಚಿತ್ರಕಾರ ವಿಸ್ಲರ್ ಇದೇ ದಾರಿಯನ್ನು ಹಿಡಿದವರು. ದಂಡೆಯಲ್ಲಿ ನಿಂತು ನೋಟವನ್ನು ಮನಸ್ಸಿಗೆ ತೆಗೆದುಕೊಂಡು, ಅದಕ್ಕೆ ಬೆನ್ನು ತಿರುಗಿಸಿ, ಜೊತೆಗಿದ್ದವರಿಗೆ ಕಂಡದ್ದನ್ನೆಲ್ಲ ಬಾಯಲ್ಲಿ ಒಪ್ಪಿಸುತ್ತಿದ್ದರು. ತಪ್ಪಿದರೆ ಮತ್ತೆ ತಿರುಗಿ ನೋಡುತ್ತಿದ್ದರು. ಬರೆಯುವುದು ಸ್ಟುಡಿಯೋದಲ್ಲಿ, ಆಮೇಲೆ.

ಈ ಅಭ್ಯಾಸವನ್ನು ನೀವೂ ಮಾಡಬಹುದು. ಹತ್ತು ನಿಮಿಷ ನೋಡಿ, ತಿರುಗಿ ನಿಂತು ಜೋರಾಗಿ ಹೇಳಿಕೊಳ್ಳಿ. ಆಕಾಶ ನೀಲಿ, ಹುಲ್ಲು ಹಸಿರು ಎಂಬಂಥ ಮಾತುಗಳಿಂದ ಪ್ರಯೋಜನವಿಲ್ಲ. ಅತಿ ಕಪ್ಪಾದ ಭಾಗ ಎಲ್ಲಿತ್ತು, ದಿಗಂತದ ಗೆರೆ ಎಷ್ಟು ಎತ್ತರದಲ್ಲಿತ್ತು, ನೀರು ಆಕಾಶಕ್ಕಿಂತ ತಿಳಿಯಾಗಿತ್ತೋ ಗಾಢವಾಗಿತ್ತೋ, ಯಾವ ಎರಡು ಆಕಾರಗಳ ನಡುವಿನ ಗೆರೆ ಕಾಣಿಸದಂತಾಗಿತ್ತು ಎಂದು ಹೇಳಿಕೊಂಡರೆ ಮಾತ್ರ ಅದು ಕುಂಚಕ್ಕೆ ಒದಗುತ್ತದೆ. ಮರುದಿನ ಏನನ್ನೂ ನೋಡದೆ, ಅಂಗೈಯಗಲದ ಕಾಗದದಲ್ಲಿ ಕಪ್ಪು, ಬೂದು, ಬಿಳಿ ಮೂರೇ ಛಾಯೆಗಳಲ್ಲಿ ಆ ನೋಟವನ್ನು ಹಾಕಿ. ಒಂದು ವಾರ ಬಿಟ್ಟು, ಹಿಂದಿನ ಕಾಗದವನ್ನು ನೋಡದೆ ಮತ್ತೊಮ್ಮೆ ಹಾಕಿ. ತಿಂಗಳ ಬಳಿಕ ಇನ್ನೊಮ್ಮೆ.

ಮೂರನ್ನೂ ಪಕ್ಕಪಕ್ಕದಲ್ಲಿಟ್ಟಾಗ ನಿಮ್ಮ ನಿಜವಾದ ಸಾಮಗ್ರಿ ಕಾಣುತ್ತದೆ. ಮನಶ್ಶಾಸ್ತ್ರಜ್ಞ ಫ್ರೆಡೆರಿಕ್ ಬಾರ್ಟ್‌ಲೆಟ್ 1932ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಒಬ್ಬರು ನೆನಪಿನಿಂದ ಬರೆದ ಚಿತ್ರವನ್ನು ಇನ್ನೊಬ್ಬರು ನೋಡಿ ನೆನಪಿನಿಂದ ಬರೆಯುತ್ತ ಹೋದಂತೆ, ಮೊದಲಿಗೆ ಗೂಬೆಯಾಗಿದ್ದ ಆಕೃತಿ ಕೊನೆಗೆ ಬೆಕ್ಕಾಗಿ ಕುಳಿತ ಉದಾಹರಣೆಯಿದೆ. ಒಬ್ಬರದೇ ನೆನಪು ಕೂಡ ಪ್ರತಿ ಸಲವೂ ಹೊಸದಾಗಿ ಕಟ್ಟಿಕೊಳ್ಳುತ್ತದೆ. ನಿಮ್ಮ ಮೂರು ಕಾಗದಗಳಲ್ಲಿ ಯಾವುದು ದೊಡ್ಡದಾಗುತ್ತ ಬಂತು, ಯಾವುದು ಬಿದ್ದುಹೋಯಿತು, ಇಲ್ಲದ ಯಾವುದು ಬಂದು ಸೇರಿಕೊಂಡಿತು ಎಂಬುದನ್ನು ಗುರುತು ಮಾಡಿಕೊಳ್ಳಿ. ಫೋಟೋ ತೆಗೆದಿದ್ದರೆ ಅದನ್ನು ಈ ಹಂತದಲ್ಲಿ ನೋಡಬಾರದು. ನೋಡಿದ ಕ್ಷಣವೇ ಕೈ ತಿದ್ದಲು ಹೊರಡುತ್ತದೆ, ತಿದ್ದಿದ ಮೇಲೆ ಆ ಬದಲಾವಣೆಗಳೆಲ್ಲ ತಪ್ಪುಗಳಾಗಿ ಕಾಣತೊಡಗುತ್ತವೆ. ಬಂಡೆಯ ಬಿರುಕು, ಮರದ ಕವಲು ಮೊದಲಾದ ಒಂದೆರಡು ವಿವರಗಳನ್ನು ಖಚಿತವಾಗಿ ಬರೆಯಬೇಕಾದಾಗ, ಕೆಲಸದ ಕೊನೆಯಲ್ಲಿ, ಅದಷ್ಟಕ್ಕೇ ಫೋಟೋವನ್ನು ಬಳಸಿ.

ಅಳತೆ, ದೃಷ್ಟಿ, ನೆರಳು

ಸಂಯೋಜನೆಯಲ್ಲಿ ನೆನಪಿನ ಅಳತೆಗೆ ಮನ್ನಣೆ ಕೊಡಿ. ಮಗುವಾಗಿದ್ದಾಗ ಕಂಡ ಗೋಡೆ ಕ್ಯಾನ್ವಾಸಿನ ಮೇಲಂಚನ್ನು ಮುಟ್ಟಿದರೆ ಅದು ಸರಿಯೇ. ಮಾರ್ಕ್ ಶಗಾಲ್ 1911ರಲ್ಲಿ ಪ್ಯಾರಿಸ್ಸಿನಲ್ಲಿ ಕುಳಿತು ತಮ್ಮ ಊರು ವಿಟೆಬ್ಸ್ಕನ್ನು ನೆನೆದು ಬರೆದ ಚಿತ್ರದಲ್ಲಿ ಒಂದು ಹಸುವಿನ ಮುಖವೂ ಒಬ್ಬ ಮನುಷ್ಯನ ಮುಖವೂ ಬಹುಪಾಲು ಜಾಗವನ್ನು ತುಂಬಿವೆ, ಊರು ಮೇಲೆ ಚಿಕ್ಕದಾಗಿದೆ, ಅಲ್ಲಿನ ಕೆಲವು ಮನೆಗಳು ತಲೆಕೆಳಗಾಗಿವೆ. ದೃಷ್ಟಿಕೋನವನ್ನೂ ಒಂದಕ್ಕೇ ಕಟ್ಟಿಹಾಕಬೇಕಾಗಿಲ್ಲ. ಚೀನಾದ ಗುವೊ ಶಿ 1072ರಲ್ಲಿ ಬರೆದ ವಸಂತಾರಂಭದ ಬೆಟ್ಟದ ಚಿತ್ರದಲ್ಲಿ ಶಿಖರವನ್ನು ಕೆಳಗಿನಿಂದ ನೋಡುತ್ತೇವೆ, ಕಣಿವೆಯೊಳಕ್ಕೆ ಇಣುಕುತ್ತೇವೆ, ದೂರದ ಬಯಲನ್ನು ಸಮನೋಟದಲ್ಲಿ ಕಾಣುತ್ತೇವೆ; ಮೂರೂ ಒಂದೇ ಸಲ ಸಾಧ್ಯವಿಲ್ಲ, ನಡೆದುಕೊಂಡು ಹೋದವರಿಗೆ ಮಾತ್ರ ಸಾಧ್ಯ. ಕಾಲವು ಚಿತ್ರದೊಳಕ್ಕೆ ಬರುವ ಹಳೆಯ, ಗಟ್ಟಿಯಾದ ದಾರಿಗಳಲ್ಲಿ ಇದೂ ಒಂದು.

ಇನ್ನೊಂದು ದಾರಿ ಬೆಳಕಿನದು. ರೆನೆ ಮಾಗ್ರಿತ್ 1949ರಿಂದ ಮತ್ತೆ ಮತ್ತೆ ಬರೆದ ಒಂದು ಚಿತ್ರಸರಣಿಯಲ್ಲಿ ಮೇಲೆ ಹಗಲಿನ ಆಕಾಶ, ಕೆಳಗೆ ದೀಪ ಹಚ್ಚಿದ ರಾತ್ರಿಯ ಮನೆ. ಎರಡೂ ತಮ್ಮ ತಮ್ಮ ಮಟ್ಟಿಗೆ ಸಹಜವಾಗಿರುವುದರಿಂದ ನೋಡುವವರಿಗೆ ವ್ಯತ್ಯಾಸ ಹೊಳೆಯಲು ಒಂದು ಕ್ಷಣ ಬೇಕಾಗುತ್ತದೆ, ಚಿತ್ರದ ಬಲವೆಲ್ಲ ಆ ಕ್ಷಣದಲ್ಲಿದೆ. ಜಾರ್ಜೊ ದೆ ಕಿರಿಕೊ 1914ರಲ್ಲಿ ಬರೆದ ಬೀದಿಯಲ್ಲಿ ಎರಡು ಕಟ್ಟಡಗಳ ಗೆರೆಗಳು ಒಂದೇ ಬಿಂದುವಿನತ್ತ ಸಾಗುವುದಿಲ್ಲ, ಕಾಣದ ಯಾರದೋ ನೆರಳು ನೆಲದ ಮೇಲೆ ಚಾಚಿದೆ. ನಿಮ್ಮ ಚಿತ್ರದಲ್ಲಿ ಇದನ್ನು ಮೃದುವಾಗಿ ಮಾಡಲು, ಮುನ್ನೆಲೆಯ ನೆರಳುಗಳನ್ನು ಸಂಜೆಯವಂತೆ ಉದ್ದವಾಗಿಯೂ ಹಿನ್ನೆಲೆಯವನ್ನು ನಡುಹಗಲಿನವಂತೆ ಗಿಡ್ಡವಾಗಿಯೂ ಬರೆದು ನೋಡಿ. ಇಂಥ ಒಂದು ವಿರೋಧ ಒಂದು ಚಿತ್ರಕ್ಕೆ ಸಾಕು. ಎರಡು ಮೂರು ಸೇರಿದರೆ ಅದು ಒಗಟಾಗುತ್ತದೆ.

ಪದರಗಳು

ತೈಲವರ್ಣವು ಈ ಬಗೆಯ ಚಿತ್ರಕ್ಕೆ ಬಹಳ ಒಗ್ಗುತ್ತದೆ, ಏಕೆಂದರೆ ಅದು ನಿಧಾನವಾಗಿ ಒಣಗುತ್ತದೆ ಮತ್ತು ತೆಳುವಾಗಿ ಬಳಿದರೆ ಕೆಳಗಿನದನ್ನು ತೋರಿಸುತ್ತದೆ. ಹಳೆಯ ತೈಲಚಿತ್ರಗಳಲ್ಲಿ ಶತಮಾನಗಳು ಕಳೆದಂತೆ ಮೇಲಿನ ಬಣ್ಣ ಪಾರದರ್ಶಕವಾಗುತ್ತ ಬಂದು, ಕಲಾವಿದರು ಮುಚ್ಚಿಹಾಕಿದ್ದ ಮೊದಲಿನ ಆಕಾರಗಳು ಹೊರಗೆ ಕಾಣುವುದುಂಟು. ಅದು ತಾನಾಗಿ ಆಗುವವರೆಗೆ ಕಾಯದೆ ನಾವೇ ಮಾಡಿಕೊಳ್ಳಬಹುದು.

ಉದಾಹರಣೆಗೆ, ಕೊಳದ ಆಚೆ ದಡದಲ್ಲಿರುವ ಮನೆಯೊಂದನ್ನು ತೆಗೆದುಕೊಳ್ಳೋಣ. ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣವನ್ನು, ತೈಲವರ್ಣವನ್ನು ತೆಳುವಾಗಿಸುವ ಟರ್ಪೆಂಟೈನಿನಲ್ಲಿ ತೆಳುವಾಗಿ ಕಲಸಿ ಇಡೀ ಕ್ಯಾನ್ವಾಸಿಗೆ ಒರೆಸಿ. ಒಣಗಿದ ಮೇಲೆ, ಅತಿ ಹಳೆಯ ನೆನಪಿನಲ್ಲಿ ಆ ಮನೆ ಹೇಗಿತ್ತೋ ಹಾಗೆ ಬರೆಯಿರಿ: ಕಿಟಕಿ ತೆರೆದಿದೆ, ಒಳಗೆ ಹಳದಿ ಬೆಳಕಿದೆ, ಪಕ್ಕದಲ್ಲಿ ಮರವಿದೆ. ಇದು ಪೂರ್ಣವಾಗಿ, ನಿಷ್ಠೆಯಿಂದ ಬರೆದ ಪದರವಾಗಿರಬೇಕು. ಮುಚ್ಚಿಹೋಗುವುದೇ ತಾನೇ ಎಂದು ಉಡಾಫೆಯಿಂದ ಬರೆದರೆ ಆಮೇಲೆ ಕೆಳಗಿನಿಂದ ಹೊಮ್ಮಲು ಏನೂ ಉಳಿದಿರುವುದಿಲ್ಲ. ಮುಟ್ಟಿದರೆ ಬೆರಳಿಗೆ ಅಂಟದಷ್ಟು ಅದು ಒಣಗಲಿ. ಆಮೇಲೆ ಇತ್ತೀಚಿನ ನೆನಪಿನ ಮನೆಯನ್ನು ಅದೇ ಜಾಗದಲ್ಲಿ ಬರೆಯಿರಿ: ಕಿಟಕಿ ಮುಚ್ಚಿದೆ, ಗೋಡೆಯ ಬಣ್ಣ ಒಂದು ಛಾಯೆಯಷ್ಟು ಗಾಢವಾಗಿದೆ, ಮರವಿಲ್ಲ. ಈ ಎರಡನೆಯ ಪದರ ಹಸಿಯಾಗಿರುವಾಗಲೇ ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿ, ಕಿಟಕಿಯಿದ್ದ ಕಡೆ ಹೆಬ್ಬೆರಳಿನಗಲ ಮೆಲ್ಲಗೆ ಒರೆಸಿ. ಕೆಳಗಿನ ಹಳದಿ ಪೂರ್ತಿ ಬರಬಾರದು, ಗೋಡೆಯೇ ಅಲ್ಲಿ ಬೆಚ್ಚಗಿದೆ ಎನ್ನುವಷ್ಟು ಬರಬೇಕು. ಮರವಿದ್ದ ಕಡೆ ಪ್ಯಾಲೆಟ್ ನೈಫಿನ (ಬಣ್ಣ ಕಲಸುವ ಚಪ್ಪಟೆ ಚಾಕುವಿನ) ಅಂಚಿನಿಂದ ಒಂದೇ ಗೆರೆ ಕೆರೆದು ಬಿಡಿ. ಕೊಳದ ನೀರಿನಲ್ಲಿ ಮಾತ್ರ ಮೊದಲಿನ ಮನೆಯ ಪ್ರತಿಬಿಂಬವನ್ನು ಮುಚ್ಚದೆ ಉಳಿಸಿಕೊಳ್ಳಬಹುದು. ದಡದ ಮೇಲೆ ಒಂದು ಕಾಲ, ನೀರಿನಲ್ಲಿ ಇನ್ನೊಂದು.

ಪದರಗಳ ಮೇಲೆ ಪದರ ಬರೆಯುವಾಗ ಮೀರಬಾರದ ನಿಯಮವೊಂದಿದೆ: ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು. ತೈಲವರ್ಣವು ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ, ಎಣ್ಣೆ ಹೆಚ್ಚಿದಷ್ಟೂ ಅದಕ್ಕೆ ಹೆಚ್ಚು ಕಾಲ ಬೇಕು. ಮೇಲಿನದು ಬೇಗ ಬಿಗಿದು ಕೆಳಗಿನದು ಇನ್ನೂ ಅಲುಗಾಡುತ್ತಿದ್ದರೆ ಬಿರುಕು ಬಿಡುತ್ತದೆ. ಗಾಢವಾದ ಪಾರದರ್ಶಕ ಬಣ್ಣವನ್ನು ತಿಳಿಯಾದ ಪದರದ ಮೇಲೆ ಎಳೆದರೆ ಆಳ ಬರುತ್ತದೆ, ಇದೇ ಗ್ಲೇಜ್. ತಿಳಿಯಾದ ಅಪಾರದರ್ಶಕ ಬಣ್ಣವನ್ನು ಒಣ ಕುಂಚದಿಂದ ಗಾಢ ಪದರದ ಮೇಲೆ ತೇಲಿಸಿದರೆ ಹೊಗೆಯಂಥ ತಂಪು ಬರುತ್ತದೆ. ಮಂಜು ಬೇಕೇ ಬೇಕೆನ್ನುವವರು ಅದನ್ನು ಈ ವಿಧಾನದಲ್ಲಿ, ಒಂದು ಮೂಲೆಯಲ್ಲಿ ಮಾತ್ರ ಬಳಸಲಿ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಹುಟ್ಟುವ ಶಾಖಕ್ಕೆ ಅವು ತಾವಾಗಿಯೇ ಹೊತ್ತಿಕೊಳ್ಳಬಲ್ಲವು. ಹರಡಿ ಒಣಗಿಸಿ ಅಥವಾ ನೀರು ತುಂಬಿದ, ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿಡಿ. ಟರ್ಪೆಂಟೈನ್ ಬಳಸುವಾಗ ಕಿಟಕಿ ತೆರೆದಿರಲಿ.

ಅಕ್ರಿಲಿಕ್ ನಿಮಿಷಗಳಲ್ಲಿ ಒಣಗುವುದರಿಂದ ಒರೆಸಲು ಸಮಯ ಸಿಗದು. ಅದಕ್ಕೆ ಬದಲಾಗಿ, ಮರದ ಹಲಗೆಯ ಮೇಲೆ ಬೇರೆ ಬೇರೆ ಬಣ್ಣಗಳ ಪದರಗಳನ್ನು ಹಾಕಿ, ಗಟ್ಟಿಯಾದ ಮೇಲೆ ನೀರಿನಲ್ಲಿ ನೆನೆಸಿದ ಮರಳುಕಾಗದದಿಂದ ಉಜ್ಜಿದರೆ ಕೆಳಗಿನ ಪದರಗಳು ಹೊರಬರುತ್ತವೆ. ಜಲವರ್ಣದಲ್ಲಿ ಒದ್ದೆ ಕುಂಚದಿಂದ ಬಣ್ಣವನ್ನು ಎತ್ತಬಹುದು. ಥೇಲೋ ನೀಲಿಯಂಥ ಬಣ್ಣಗಳು ಕಾಗದಕ್ಕೆ ಕಚ್ಚಿಕೊಂಡುಬಿಡುತ್ತವೆ, ಎತ್ತುವ ಉದ್ದೇಶವಿದ್ದರೆ ಅವನ್ನು ಬಿಟ್ಟುಬಿಡಿ.

ಬಣ್ಣ ಮತ್ತು ಅಂಚು

ಬಣ್ಣಗಳು ಕಡಿಮೆಯಿದ್ದಷ್ಟೂ ಒಳ್ಳೆಯದು. ಫ್ರೆಂಚ್ ಚಿತ್ರಕಾರ ಕೊರೊ 1864ರಲ್ಲಿ ಮೋರ್ತ್‌ಫೊಂತೇನ್ ಎಂಬಲ್ಲಿನ ಕೊಳವನ್ನು ನೆನಪಿನಿಂದ ಸ್ಟುಡಿಯೋದಲ್ಲಿ ಕಟ್ಟಿದಾಗ ಇಡೀ ಚಿತ್ರವನ್ನು ಬೆಳ್ಳಿಛಾಯೆಯ ಹಸಿರು, ಬೂದುಗಳೊಳಗೇ ಇಟ್ಟುಕೊಂಡರು. ಅಲ್ಟ್ರಾಮರೀನ್ ನೀಲಿ ಮತ್ತು ಬರ್ಂಟ್ ಅಂಬರ್ ಎಂಬ ಗಾಢ ಕಂದು ಬೆರೆಸಿದರೆ ಬೆಚ್ಚನೆಯ ಬೂದಿನಿಂದ ತಣ್ಣನೆಯ ಬೂದಿನವರೆಗೆ ಎಲ್ಲವೂ ಸಿಗುತ್ತವೆ. ಜೊತೆಗೆ ಟೈಟೇನಿಯಂ ಬಿಳಿ, ಒಂದು ಓಕರ್ ಹಳದಿ ಇದ್ದರೆ ಮೊದಲ ಕೆಲವು ಚಿತ್ರಗಳಿಗೆ ಬೇರೇನೂ ಬೇಡ.

ಹಗಲಿನಲ್ಲಿ ನಾವು ಕಾಣುವ ಪ್ರಪಂಚದಲ್ಲಿ ದೂರದ ವಸ್ತುಗಳು ನೀಲಿಗಟ್ಟಿ, ತಿಳಿಯಾಗಿ, ಅಂಚು ಕಳೆದುಕೊಂಡು ಕಾಣುತ್ತವೆ. ನೆನಪಿನ ಚಿತ್ರದಲ್ಲಿ ಈ ನಿಯಮವನ್ನು ಒಂದೇ ಕಡೆ ಮುರಿಯಿರಿ: ಹತ್ತಿರದ ಹುಲ್ಲು, ದಾರಿ ಎಲ್ಲ ಮೃದುವಾಗಿರಲಿ, ದೂರದ ಒಂದೇ ಒಂದು ಮೆಟ್ಟಿಲಸಾಲು ಅಥವಾ ಕಂಬ ಚೂಪಾದ ಅಂಚಿನೊಡನೆ ನಿಲ್ಲಲಿ. ಮನುಷ್ಯಾಕೃತಿಗಳನ್ನು ಸೇರಿಸುವ ಆಸೆಯನ್ನು ಸಾಧ್ಯವಾದಷ್ಟು ತಡೆಯಿರಿ, ಅದರಲ್ಲೂ ಬೆನ್ನು ಹಾಕಿ ನಿಂತ ಒಂಟಿ ವ್ಯಕ್ತಿಯನ್ನು. ನೋಡುವವರ ಪಾಲಿನ ಕೆಲಸವನ್ನೆಲ್ಲ ಆ ವ್ಯಕ್ತಿಯೇ ಮಾಡಿಬಿಡುತ್ತಾನೆ.

ಒಂದೇ ಜಾಗಕ್ಕೆ ಮರಳುವುದು

ಕಾಲವನ್ನು ಒಂದೇ ಕ್ಯಾನ್ವಾಸಿನಲ್ಲಿ ಮುಗಿಸಬೇಕೆಂದಿಲ್ಲ. ಚಿತ್ರಕಾರ ಕ್ಲಾಡ್ ಮೊನೆ 1892 ಮತ್ತು 1893ರಲ್ಲಿ ಫ್ರಾನ್ಸಿನ ರುವಾನ್ ಕೆಥೆಡ್ರಲ್ಲಿನ ಎದುರು ನಿಂತು ಆರಂಭಿಸಿದ ಮೂವತ್ತಕ್ಕೂ ಹೆಚ್ಚು ಕ್ಯಾನ್ವಾಸುಗಳನ್ನು ಪೂರ್ಣಗೊಳಿಸಿದ್ದು ಅಲ್ಲಿಂದ ದೂರದ ತಮ್ಮ ಸ್ಟುಡಿಯೋದಲ್ಲಿ, 1894ರಲ್ಲಿ. ಇಂಗ್ಲಿಷ್ ಚಿತ್ರಕಾರ ಟರ್ನರ್ 1797ರಲ್ಲಿ ಮೊದಲು ಕಂಡ ನೊರಾಮ್ ಕೋಟೆಯನ್ನು ಹಲವು ಸಲ ಬರೆದು, ಸುಮಾರು 1845ರ ಹೊತ್ತಿಗೆ ಬರೆದ ತೈಲಚಿತ್ರದಲ್ಲಿ ಕೋಟೆಯನ್ನು ಬೆಳಕಿನೊಳಗಿನ ನೀಲಿ ಛಾಯೆಯಷ್ಟಕ್ಕೆ ಇಳಿಸಿದ್ದರು. ಅದನ್ನು ಅವರು ತಮ್ಮ ಜೀವಮಾನದಲ್ಲಿ ಪ್ರದರ್ಶಿಸಲಿಲ್ಲ. ನೀವೂ ಒಂದೇ ಸ್ಥಳವನ್ನು ಒಂದೇ ಅಳತೆಯ ಐದಾರು ಹಲಗೆಗಳಲ್ಲಿ ಬರೆಯಿರಿ, ಪ್ರತಿಯೊಂದನ್ನೂ ಹಿಂದಿನ ಚಿತ್ರದ ನೆನಪಿನಿಂದ, ಸ್ಥಳಕ್ಕೆ ಮರಳಿ ಹೋಗದೆ. ಮುಗಿದವನ್ನು ಗೋಡೆಗೆ ಮುಖ ಮಾಡಿ ಇಡಿ, ಇಲ್ಲವಾದರೆ ಮುಂದಿನದು ನಕಲಾಗುತ್ತದೆ.

ಪ್ರತಿ ಹಲಗೆಯ ಹಿಂಬದಿಯಲ್ಲಿ ಬರೆದ ದಿನಾಂಕವನ್ನೂ ನೆನಪಿನ ಅಂದಾಜು ವರ್ಷವನ್ನೂ ಪೆನ್ಸಿಲ್ಲಿನಲ್ಲಿ ನಮೂದಿಸಿ. ಪ್ರದರ್ಶನದಲ್ಲಿ ಯಾವ ಕ್ರಮದಲ್ಲಿ ತೂಗುಹಾಕಬೇಕೆಂದು ನಿರ್ಧರಿಸುವಾಗ ಎರಡೂ ಬೇಕಾಗುತ್ತವೆ. ತೈಲಚಿತ್ರವಾದರೆ, ದಪ್ಪಕ್ಕೆ ತಕ್ಕಂತೆ ಆರು ತಿಂಗಳಿಂದ ಒಂದು ವರ್ಷ ಒಣಗಲು ಬಿಟ್ಟು ಆಮೇಲೆ ಕೊನೆಯ ವಾರ್ನಿಷ್ ಹಾಕಿ. ಒರೆಸಿದ, ಕೆರೆದ ಜಾಗಗಳು ಹೊಳಪಿನಲ್ಲಿ ಮರೆಯಾಗದಂತೆ ಮ್ಯಾಟ್ ವಾರ್ನಿಷನ್ನೇ ಆರಿಸಿಕೊಳ್ಳಿ, ಮತ್ತು ಮೊದಲು ಅದೇ ವಿಧಾನದಲ್ಲಿ ಬರೆದ ಒಂದು ತುಂಡು ಕ್ಯಾನ್ವಾಸಿನ ಮೇಲೆ ಬಳಿದು ನೋಡಿ.