ಮಗಳ ಮನೆಗಲ್ಲ, ಮಗಳ ಊರಿಗೆ

ನಿವೃತ್ತಿಯ ನಂತರ ಮಗಳಿರುವ ಊರಿಗೆ ಹೋಗುವುದೆಂದು ತೀರ್ಮಾನವಾದಾಗ ಮನೆ ಹುಡುಕುವ ಮುಂಚೆಯೇ ಮಗಳು-ಅಳಿಯನನ್ನು ಕೂರಿಸಿಕೊಂಡು ಕೇಳಿದೆ: "ನೀವು ಎಷ್ಟು ವರ್ಷ ಇಲ್ಲಿರ್ತೀರಿ?" ಅಳಿಯ ಯೋಚಿಸಿ, "ಮಕ್ಕಳ ಶಾಲೆ ಮುಗಿಯೋವರೆಗೆ ಖಂಡಿತ ಇಲ್ಲೇ. ಆಮೇಲಿಂದು ಹೇಳೋಕಾಗಲ್ಲ ಅತ್ತೆ" ಅಂದರು. ಆ ಮಾತು ಕೇಳಿದ್ದರಿಂದಲೇ ಹಳೆಯ ಮನೆ ಮಾರದೆ ಬಾಡಿಗೆಗೆ ಕೊಟ್ಟು, ಇಲ್ಲೂ ಬಾಡಿಗೆ ಮನೆಯನ್ನೇ ಹಿಡಿದೆವು. ಮೊಮ್ಮಕ್ಕಳು ಯಾವ ಹೊತ್ತಿನಲ್ಲಿ ನಮ್ಮ ಜವಾಬ್ದಾರಿ, ಯಾವಾಗ ಅಲ್ಲ ಎಂಬುದನ್ನೂ ಅಂದೇ ಮಾತಾಡಿಕೊಂಡೆವು.

ಒಂದೇ ಮನೆಯಲ್ಲಿರೋಣ ಎಂದು ಮಗಳು ಹಟ ಹಿಡಿದಳು. ನಾನು ಒಪ್ಪಲಿಲ್ಲ. ನಡೆದು ಹೋಗುವಷ್ಟು ಹತ್ತಿರ, ಆದರೆ ಬೇರೆ ಬಾಗಿಲು. ಪ್ರೀತಿ ಉಳಿಯಲು ಇದೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮನೆ ನೋಡಲು ಹೋದಲ್ಲೆಲ್ಲ ಅಳತೆ ಟೇಪು ನನ್ನ ಕೈಯಲ್ಲೇ ಇರುತ್ತಿತ್ತು. ಗಾಲಿಕುರ್ಚಿ ಸಲೀಸಾಗಿ ಹೋಗಬೇಕಾದರೆ ಬಾಗಿಲು ಸುಮಾರು 32 ಇಂಚು ಅಗಲ ಬೇಕು. ಬಚ್ಚಲುಮನೆಗಳ ಬಾಗಿಲು ಬಹಳ ಕಡೆ ಅಷ್ಟಿರಲಿಲ್ಲ. ಆ ಬಾಗಿಲು ಹೊರಕ್ಕೆ ತೆರೆಯುವಂತಿರಬೇಕು. ಒಳಗೆ ಬಿದ್ದವರ ಮೈ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲಾಗುವುದಿಲ್ಲ. ಚಿಲಕವೂ ಅಷ್ಟೇ, ಹೊರಗಿನಿಂದ ತೆಗೆಯಲು ಬರಬೇಕು.

ಊರು ಬಿಡುವ ಮುಂಚೆ ನಮ್ಮ ಡಾಕ್ಟರರ ಹತ್ತಿರ ಒಂದು ಪುಟದ ಸಾರಾಂಶ ಬರೆಸಿಕೊಂಡೆ: ಇರುವ ಕಾಯಿಲೆಗಳು, ಆದ ಶಸ್ತ್ರಚಿಕಿತ್ಸೆ, ಯಾವ ಔಷಧಿ ಒಗ್ಗುವುದಿಲ್ಲ ಎಂಬುದು. ಮಾತ್ರೆಗಳಿಗೆ ಬ್ರ್ಯಾಂಡ್ ಹೆಸರಲ್ಲದೆ ಮೂಲ ಔಷಧಿಯ ಹೆಸರು, ಪ್ರಮಾಣ ಬರೆಸುವುದು ಮುಖ್ಯ; ಅಂಗಡಿ ಬದಲಾದರೆ ಬ್ರ್ಯಾಂಡೂ ಬದಲಾಗುತ್ತದೆ. ಯಜಮಾನರ ಹಳೆಯ ಇಸಿಜಿಯನ್ನೂ ಜೋಪಾನವಾಗಿ ತಂದೆ. ಹೊಸ ಡಾಕ್ಟರು ಮೊದಲು ಕೇಳಿದ್ದೇ ಅದನ್ನು, ಹೊಸದರ ಪಕ್ಕದಲ್ಲಿಟ್ಟು ನೋಡಲು.

ಸಾಮಾನು ಸಾಗಿಸಿದ್ದು, ಬ್ಯಾಂಕಿನಲ್ಲಿ ವಿಳಾಸ ಬದಲಿಸಿದ್ದು ಹೇಗೋ ಆಯಿತು. ಕಷ್ಟವಾದದ್ದು ಯಜಮಾನರಿಗೆ. "ಇಲ್ಲಿ ನನ್ನನ್ನ ಹೆಸರು ಹಿಡಿದು ಕರೆಯೋರು ಯಾರಿದ್ದಾರೆ? ಎಲ್ಲರಿಗೂ ನಾನು ಅವಳ ಅಪ್ಪ, ಇವನ ತಾತ" ಎಂದರು ಒಂದು ಸಂಜೆ. ಆ ಸಂಕಟವನ್ನು ಮಗಳಿಂದ ತೀರಿಸಲಾಗುತ್ತಿರಲಿಲ್ಲ. ಅವಳಿಗೆ ಅವಳ ಕೆಲಸ, ಮಕ್ಕಳು. ಉದ್ಯಾನದಲ್ಲಿ ಚದುರಂಗ ಆಡುವವರ ಪಕ್ಕ ಹೋಗಿ ನಿಲ್ಲತೊಡಗಿದರು. ಮೊದಮೊದಲು ಬರೀ ನೋಡುತ್ತಿದ್ದರು; ಒಂದು ದಿನ ಯಾರೋ ಬರಲಿಲ್ಲವೆಂದು ಇವರನ್ನು ಕೂರಿಸಿದರು. ಈಗ ಇವರು ಹೋಗುವುದು ತಡವಾದರೆ ಅವರೇ ಹೆಸರು ಹಿಡಿದು ಫೋನ್ ಮಾಡುತ್ತಾರೆ. ನನಗಂತೂ ಮೊಮ್ಮಗಳ ಶಾಲೆಯ ಗೇಟಿನ ಬಳಿ ಕಾಯುವ ಅಜ್ಜಿಯರೇ ಗೆಳತಿಯರಾದರು.