ದಾರಂದಕ್ಕೆ ಹೊನ್ನೆ ತರುವವರು ಇದನ್ನೊಮ್ಮೆ ನೋಡಿ

ಮನೆ ಕಟ್ಟಿಸುತ್ತಿರುವವರು ಸಾಗುವಾನಿ ರೇಟು ಕೇಳಿ ಸುಸ್ತಾಗಿದ್ದರೆ ದಾರಂದ, ಕಿಟಕಿ ಚೌಕಟ್ಟಿಗೆ ಹೊನ್ನೆ ಕೇಳಿ ನೋಡಿ. ನಮ್ಮ ಮಲೆನಾಡಿನ ಹಳೇ ಮನೆಗಳಲ್ಲಿ ಬಾಗಿಲು, ತೊಲೆಗೆಲ್ಲ ಬಳಸುತ್ತಿದ್ದ ಮರ ಇದು. ಗಟ್ಟಿ, ಗೆದ್ದಲು ಸುಲಭಕ್ಕೆ ಮುಟ್ಟಲ್ಲ.

ಆದರೆ ಗೆದ್ದಲು ಮುಟ್ಟದಿರೋದು ಚೇಗನ್ನು, ಅಂದರೆ ಮರದ ನಡುವಿನ ಗಟ್ಟಿ ಭಾಗವನ್ನು ಮಾತ್ರ. ಅಂಚಿನ ಬಿಳಿ ಭಾಗ ಬೇಗ ಹುಳ ಹಿಡಿಯುತ್ತೆ, ಅದನ್ನು ಕೆತ್ತಿಸಿಯೇ ಅಳತೆ ಹಾಕಿಸಿ. ಸಾಮಿಲ್‌ನವರು ಬಣ್ಣ ಬಳಿದದ್ದನ್ನು ತೋರಿಸಿದರೆ ಬಿಳಿ ಭಾಗ ಅಡಗಿದೆಯಾ ಅಂತ ಒಂದು ಕಡೆ ಹತ್ರಿ (ಮರದ ಮೈ ಹೆರೆಯುವ ಸಲಕರಣೆ) ಹೊಡೆಸಿ ನೋಡಿ.

ಹೊನ್ನೆ ಹೌದೋ ಅಲ್ಲವೋ ಅನ್ನೋ ಅನುಮಾನ ಇದ್ದರೆ ಚೇಗಿನ ಹತ್ರಿಹೊಟ್ಟು ಒಂದು ಹಿಡಿ ಗಾಜಿನ ಲೋಟದ ನೀರಿಗೆ ಹಾಕಿ. ಸ್ವಲ್ಪ ಹೊತ್ತಿಗೆ ನೀರು ಹಳದಿ-ಕಂದು ಆಗುತ್ತೆ, ಬಿಸಿಲಿಗೆ ಹಿಡಿದರೆ ಅಂಚಲ್ಲಿ ನೀಲಿ ಹೊಳಪು. ಇದೇ ಮರದ ಲೋಟವನ್ನೇ ಸಕ್ಕರೆ ಕಾಯಿಲೆಗೆ ಅಂತ ಮಾರೋದು. ಅದನ್ನು ನಂಬಿ ಮಾತ್ರೆ ಮಾತ್ರ ಬಿಡಬೇಡಿ.

ಹೊನ್ನೆ ನೀರಿಗೆ ಬಿಡುವ ಆ ಬಣ್ಣವೇ ಮನೆಯಲ್ಲಿ ತಲೆನೋವು. ಹಸಿ ಗೋಡೆಗೆ ದಾರಂದ ಕೂರಿಸಿದರೆ ಪಕ್ಕದ ಸುಣ್ಣದ ಮೇಲೆ ಹಳದಿ ಕಲೆ ಇಳಿಯುತ್ತೆ. ಮರ ಚೆನ್ನಾಗಿ ಒಣಗಿರಲಿ, ಗೋಡೆಗೆ ತಾಗುವ ಮೈಗೆ ಕೂರಿಸುವ ಮೊದಲೇ ಪ್ರೈಮರ್ ಹೊಡೆಸಿ. ಸ್ಕ್ರೂಗೆ ಮೊದಲು ಡ್ರಿಲ್ ಹಾಕಿಸಿ, ಇಲ್ಲದಿದ್ದರೆ ತುದಿ ಸೀಳುತ್ತೆ.

ಸ್ವಂತ ತೋಟದ್ದೇ ಆದರೂ ಕಡಿಯೋಕೆ, ಸಾಗಿಸೋಕೆ ಮುಂಚೆ ಅರಣ್ಯ ಇಲಾಖೆಯ ರೇಂಜ್ ಆಫೀಸಲ್ಲಿ ವಿಚಾರಿಸಿ. ಮರದ ಡಿಪೋದಿಂದ ತಂದರೆ ಬಿಲ್ಲು ಜೋಪಾನ.