ಶಾಲೆ ಸುತ್ತ 100 ಮೀಟರ್: ಅಳತೆ ಗೇಟಿನಿಂದಲ್ಲ, ಕಾಂಪೌಂಡಿನಿಂದ

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರೇ, ತಂಬಾಕು ಮಾರಾಟ ನಿಷೇಧದ ಗಡಿ ಗುರುತಿಸುವಾಗ ಮುಖ್ಯ ಗೇಟಿನಿಂದ ರಸ್ತೆಗುಂಟ ಟೇಪು ಹಿಡಿಯಬೇಡಿ. ಕೋಟ್ಪಾ (ಕೇಂದ್ರದ ತಂಬಾಕು ನಿಯಂತ್ರಣ ಕಾಯ್ದೆ) ನಿಯಮದಂತೆ ಕಾಂಪೌಂಡ್ ಗೋಡೆ ಅಥವಾ ಬೇಲಿಯ ಹೊರ ಅಂಚಿನಿಂದ ಸುತ್ತಲೂ ನೇರವಾಗಿ ಅಳೆಯಬೇಕು. ಗೇಟಿನಿಂದ ಅಳೆದರೆ ಹಿಂಬದಿ ಗೋಡೆಗೆ ಅಂಟಿದ ಗೂಡಂಗಡಿ ಲೆಕ್ಕಕ್ಕೇ ಸಿಗುವುದಿಲ್ಲ. ಮಕ್ಕಳು ಹೋಗುವುದೇ ಅಲ್ಲಿಗೆ. ಮೂಲ ಕಾಯ್ದೆಯ 100 ಗಜ (ಸುಮಾರು 91 ಮೀಟರ್) ಕರ್ನಾಟಕದ ತಿದ್ದುಪಡಿಯಲ್ಲಿ 100 ಮೀಟರ್ ಆಗಿದೆ, ಕೊಳ್ಳುವವರ ವಯಸ್ಸು ಕನಿಷ್ಠ 21. ಬಿಡಿ ಸಿಗರೇಟು ಮಾರುವಂತೆಯೂ ಇಲ್ಲ.

ದೂರಿನಲ್ಲಿ ದಿನಾಂಕ, ಸಮಯ, ಅಳತೆ ಬರೆದು ಫೋಟೊ ಲಗತ್ತಿಸಿ. ಫೋಟೊದಲ್ಲಿ ಮಕ್ಕಳ ಮುಖ ಬೇಡ. 18ರೊಳಗಿನವರಿಗೆ ಮಾರಿದ್ದರೆ ಬಾಲನ್ಯಾಯ ಕಾಯ್ದೆ 2015ರ ಸೆಕ್ಷನ್ 77 ಅನ್ನು ತಪ್ಪದೇ ಉಲ್ಲೇಖಿಸಿ: 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂ.ವರೆಗೆ ದಂಡ. ತಂಬಾಕು ಸಮೇತ ಸಿಕ್ಕಿಬಿದ್ದ ಮಗುವಿಗೆ ದಯವಿಟ್ಟು ಟಿಸಿ ಕೊಟ್ಟು ಕಳಿಸಬೇಡಿ. ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿ.